ಗಾಬರಿಯ ಎರಡು ಕನ್ನಡಿಗಳು

ನನ್ನ ಬಾಮೈದ ಇಪ್ಪತ್ತೆರಡು ವರ್ಷ ಮೇಲಕ್ಕೂ ಕೆಳಕ್ಕೂ ಓಡಾಡಿ ಜೀವನ ಮಾಡಿದವನು. ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದ. ಬಾಗಿಲ ಕಡೆಗೆ ಮುಖ, ಗೋಡೆಯ ಕಡೆಗೆ ಬೆನ್ನು, ನಾಲ್ಕು ಮಹಡಿ. ಇಷ್ಟೇ ಅವನ ಪ್ರಪಂಚ. ಒಂದು ದಿನ ಅಂಗಡಿಯವರು ಹೊಸ ಲಿಫ್ಟ್ ತರಿಸಿ, ಇನ್ನು ಮುಂದೆ ಗಿರಾಕಿಗಳೇ ಗುಂಡಿ ಒತ್ತಿಕೊಳ್ಳಲಿ ಎಂದು ತೀರ್ಮಾನಿಸಿದರು. ಗಿರಾಕಿಗಳಿಗೆ ಆ ವಿದ್ಯೆ ಅರ್ಧ ನಿಮಿಷದಲ್ಲಿ ಬಂದುಬಿಟ್ಟಿತು. ಕೆಲಸ ಹೋದದ್ದಕ್ಕಿಂತ ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು.

"ನನಗೆ ಕಲಿಯೋಕೆ ಒಂದು ವಾರ ಹಿಡಿದಿತ್ತು ಭಾವ" ಎಂದು ನನ್ನ ಮುಂದೆ ಕೂತು ಹೇಳಿದ.

ಅವನಿಗೆ ಗಾಬರಿ ಎಂದು ಹೆಸರಿಟ್ಟವಳು ನನ್ನ ಹೆಂಡತಿ. ಅವರ ತಾಯಿ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಸಾಕಿದವಳು ಅವಳೇ. ನನ್ನನ್ನು ಮದುವೆಯಾಗಿ ಬಂದಾಗ ಒಂದು ಕಬ್ಬಿಣದ ಪೆಟ್ಟಿಗೆಯನ್ನೂ ಐದು ವರ್ಷದ ಈ ಹುಡುಗನನ್ನೂ ಜೊತೆಗೆ ತಂದಳು. ಪೆಟ್ಟಿಗೆ ಇಂದಿಗೂ ಗಟ್ಟಿಯಾಗಿದೆ. ಹುಡುಗ ಮಾತ್ರ ಅಂಚೆಯವನು ಬಾಗಿಲು ತಟ್ಟಿದರೂ ಮಂಚದ ಕೆಳಗೆ ಸೇರುತ್ತಿದ್ದ. ಆಗ ನಮ್ಮ ಮನೆಯ ಬಚ್ಚಲು ಹಿತ್ತಲಿನ ಕೊನೆಯಲ್ಲಿತ್ತು. ಸಂಜೆಯಾದ ಮೇಲೆ ಅಲ್ಲಿಗೆ ಹೋಗಲು ಅವನು ಒಂದು ಉಪಾಯ ಕಂಡುಕೊಂಡಿದ್ದ. ಕತ್ತಲೆಯ ಕಡೆ ನೋಡಲೇಬಾರದೆಂದು ಅಡಿಗೆಮನೆಯ ಬೆಳಕನ್ನೇ ದಿಟ್ಟಿಸುತ್ತ, ಹಿಂದುಹಿಂದಾಗಿ ಹೆಜ್ಜೆ ಇಡುತ್ತ ಹೋಗುತ್ತಿದ್ದ. ಅವನ ಅಕ್ಕ ಮೊದಲೇ ಆ ತುದಿಗೆ ಹೋಗಿ ನಿಂತು, "ಬಾ, ನಾನಿದ್ದೀನಿ ಬಾ" ಎಂದು ಕರೆಯಬೇಕಾಗಿತ್ತು. ಅವಳ ದನಿ ಹಿಡಿದುಕೊಂಡು ಅವನು ಒಂದು ಸಲವೂ ಎಡವದೆ ಹೋಗಿ ಮುಟ್ಟುತ್ತಿದ್ದ.

ಹೋದ ವರ್ಷ ದೇವರು ಅವಳನ್ನು ಕರೆಸಿಕೊಂಡ. ಅವನ ತೀರ್ಪಿನ ಮೇಲೆ ಮನವಿ ಸಲ್ಲಿಸುವಷ್ಟು ಉದ್ಧಟ ನಾನಲ್ಲ. ಆದರೆ ಮೂವತ್ತೆರಡು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನಾದ್ದರಿಂದ, ಆದೇಶದಲ್ಲಿ ಕಾರಣ ನಮೂದಿಸಿಲ್ಲ ಎಂಬುದನ್ನು ಮಾತ್ರ ದಿನವೂ ಬೆಳಗಿನ ಪ್ರಾರ್ಥನೆಯಲ್ಲಿ ಅವನ ಗಮನಕ್ಕೆ ತರುತ್ತೇನೆ. ಹೋಗುವ ಮುಂಚೆ ಅವಳು ನನ್ನಿಂದ ಕೇಳಿದ್ದು ಒಂದೇ. "ಗಾಬರೀನ ನೋಡ್ಕೊಳ್ಳಿ. ಅವನಾಗಿ ಬಾಯಿ ಬಿಡಲ್ಲ. ನೀವೇ ಕೇಳ್ಬೇಕು."

ಗಾಬರಿ ಮತ್ತು ಅವನ ಹೆಂಡತಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿದ್ದಾರೆ. ಆಕೆ ಹೊಲಿಗೆ ಕೆಲಸದವಳು. ಬೀದಿಯ ಅರ್ಧ ಜನ ಅವಳು ಹೊಲಿದ ಬಟ್ಟೆಯಲ್ಲೇ ಓಡಾಡುತ್ತಾರೆ. ನನ್ನನ್ನು ಅಣ್ಣ ಎನ್ನುತ್ತಾಳೆ. ನಾನು ಒಂಟಿಯಾದ ಮೇಲೆ ಎರಡು ಹೊತ್ತಿನ ಊಟವೂ ಅವರ ಮನೆಯಲ್ಲೇ. ಹೊಲಿಗೆ ಮಿಷನ್ನು ನಿಂತಿತೆಂದರೆ ಊಟಕ್ಕೆ ಏಳಬಹುದು ಎಂದು ನನಗೆ ಕೆಳಗಿನಿಂದಲೇ ತಿಳಿಯುತ್ತದೆ.

ಲಿಫ್ಟ್ ಹೋದ ಮೇಲೆ ಗಾಬರಿ ಲಾರಿ ಕಲಿಯುತ್ತೇನೆಂದು ಹೊರಟ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಇದು ಆಗುವ ಮಾತೇ ಎಂದು ಎಲ್ಲರೂ ನಕ್ಕರು. ನಾನು ನಗಲಿಲ್ಲ, ಪ್ರಾರ್ಥನೆ ಮಾಡಿದೆ. ಪರೀಕ್ಷೆಯ ದಿನ ಬೆಳಿಗ್ಗೆ ಅವನ ಹೆಸರು ಹೇಳಿ, ಲಾರಿಯ ನಂಬರನ್ನೂ ಹೇಳಿ, ಸ್ಪಷ್ಟವಾಗಿ ಬೇಡಿಕೊಂಡೆ. ಮಧ್ಯಾಹ್ನ ಅವನು ಲೈಸೆನ್ಸಿನ ಚೀಟಿ ಹಿಡಿದು ಬಂದ. ಮೊದಲ ಸಲಕ್ಕೇ ಪಾಸು! ಅವನ ಹೆಂಡತಿ ಅಳತೆ ಕೊಡಲು ಬಂದವರಿಗೆಲ್ಲ ಟೇಪು ಕೊರಳಿಗೆ ಹಾಕಿ ನಿಲ್ಲಿಸಿಕೊಂಡು ಈ ಸುದ್ದಿ ಹೇಳಿದಳು. ನಾನು ದೇವರಿಗೆ ಧನ್ಯವಾದ ಅರ್ಪಿಸಿದೆ. ಅದನ್ನು ಸ್ವಲ್ಪ ಅವಸರದಲ್ಲಿ ಅರ್ಪಿಸಿದೆನೆಂದು ಆಮೇಲೆ ಗೊತ್ತಾಯಿತು.

ಸೋಮವಾರ ಅವನು ಸರಕು ಸಾಗಿಸುವ ಕಂಪನಿಯೊಂದಕ್ಕೆ ಹೋಗಿ ಮ್ಯಾನೇಜರನ್ನು ಕಂಡು ಬಂದ. ಅಲ್ಲಿ ಎರಡು ಕೆಲಸ ಖಾಲಿ ಇದ್ದವು. ಒಂದು ಲೋಕಲ್: ಗೋದಾಮಿನಿಂದ ಕಾಗದದ ಬಂಡಲುಗಳನ್ನು ತುಂಬಿಕೊಂಡು ಹಳೇ ಪೇಟೆಯ ಹನ್ನೆರಡು ಅಂಗಡಿಗಳಿಗೆ ಇಳಿಸುವುದು, ಸಂಜೆ ಆರಕ್ಕೆ ಮನೆ. ಇನ್ನೊಂದು ಲಾಂಗ್: ನಲವತ್ತು ಅಡಿಯ ಟ್ರೈಲರಿನಲ್ಲಿ ಬಂದರಿಗೆ ಹೋಗಿ ಬರುವುದು, ಒಂದು ಸುತ್ತಿಗೆ ಹನ್ನೊಂದು ದಿನ. ಯಾವುದೆಂದು ಶನಿವಾರ ಹತ್ತು ಗಂಟೆಗೆ ಬಂದು ಹೇಳಬೇಕು.

ಇದರಲ್ಲಿ ಯೋಚಿಸುವುದಕ್ಕೆ ಏನಿದೆ ಎಂದುಕೊಂಡೆ. ಪಕ್ಕದ ಊರಿನ ಮದುವೆಗೆ ಹೋಗಿ, ತಲೆದಿಂಬು ಬೇರೆ ಥರ ಇದೆ ಎಂದು ಊಟವಾದ ಕೂಡಲೇ ವಾಪಸ್ಸು ಬಂದವನು ಅವನು. ಆದರೆ ಊಟಕ್ಕೆ ಕೂತಾಗ, ತಟ್ಟೆ ನೋಡುತ್ತ, ಗಾಬರಿ ಹೇಳಿದ:

"ನಾನು ಲಾಂಗ್‌ಗೆ ಹೋಗೋದು ಅಂತ ಮಾಡಿದ್ದೀನಿ."

ಅವನ ಹೆಂಡತಿಯ ಕೈಯಲ್ಲಿದ್ದ ಸೌಟು ನಿಂತಿತು. "ಎಲ್ಲಿಗೆ?"

"ಬಂದರಿಗೆ."

"ಬಂದರಲ್ಲಿ ಏನಿದೆ?"

"ಸಮುದ್ರ" ಎಂದ ಗಾಬರಿ. ಆಮೇಲೆ ಇದು ಸಾಲದೆನಿಸಿ, ಗಂಟಲು ಸರಿಮಾಡಿಕೊಂಡು, "ಗಂಡಸು ಅಂದ್ಮೇಲೆ ನಾಲ್ಕು ಊರು ನೋಡ್ಬೇಕು" ಎಂದ.

ಮೂಲೆಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಅವನ ಅತ್ತೆ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು. ಮಂಡಿ ನೋವಿಗೆ ಔಷಧಿ ಮಾಡಿಸಿಕೊಳ್ಳಲು ನಾಲ್ಕು ದಿನಕ್ಕೆಂದು ಬಂದವರು, ಆಗಲೇ ಒಂದು ತಿಂಗಳಾಗಿತ್ತು.

"ಗೊತ್ತಾಯ್ತು ಬಿಡಿ" ಎಂದರು. "ನಾನು ಬಂದಿರೋದಕ್ಕೇ ಇದು. ಅಳಿಯಂದಿರಿಗೆ ನನ್ನ ಮಂಡಿ ಭಾರ ಆಗಿದೆ."

"ಅಯ್ಯೋ, ಇಲ್ಲ ಅತ್ತೆ! ನಿಮ್ಮ ಮಂಡಿಗೂ ಬಂದರಿಗೂ ಸಂಬಂಧಾನೇ ಇಲ್ಲ."

"ಸಂಬಂಧ ಇಲ್ಲ ಅಂತ ಇಷ್ಟು ಬೇಗ ಹೇಳಿದ್ರಲ್ಲ, ಅಲ್ಲಿಗೇ ತಿಳೀತು" ಎಂದು ಅತ್ತೆ ಎದ್ದು ಹೋಗಿ ತಮ್ಮ ತಗಡಿನ ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದರು. ಒಂದೊಂದು ಬಟ್ಟೆಗೂ ಒಂದೊಂದು ಸಲ ನಿಟ್ಟುಸಿರು ಬಿಟ್ಟರು. ಬಹಳ ಬಟ್ಟೆ ತಂದಿದ್ದರು.

ಪಕ್ಕದ ಮನೆಯಲ್ಲಿ ನಿವೃತ್ತ ಮೀಟರ್ ರೀಡರೊಬ್ಬರಿದ್ದಾರೆ. ಮೀಟರಿನವರು ಎಂದೇ ಎಲ್ಲರೂ ಕರೆಯುವುದು. ಮೂವತ್ತು ವರ್ಷ ಮನೆಮನೆಯ ವಿದ್ಯುತ್ ಮೀಟರು ಓದಿ ಓದಿ, ಹೊರಗಿನಿಂದಲೇ ಒಳಗಿನದನ್ನು ಅಳೆಯುವ ಅಭ್ಯಾಸ ಅವರಿಗೆ ಅಂಟಿಬಿಟ್ಟಿದೆ. ಮರುದಿನ ಬೆಳಿಗ್ಗೆ ನನ್ನನ್ನು ಗೇಟಿನ ಹತ್ತಿರ ತಡೆದು, ದನಿ ತಗ್ಗಿಸಿ ಹೇಳಿದರು: "ಮೂರು ದಿನದಿಂದ ನೋಡ್ತಿದ್ದೀನಿ ಸ್ವಾಮಿ. ಬೆಳಿಗ್ಗೆ ಆರು ಗಂಟೆಗೆ ನಿಮ್ಮ ಬಾಮೈದ ಟೆರೇಸ್ ಮೇಲೆ ಕನ್ನಡಿ ನೋಡ್ಕೋತಾರೆ. ಆ ಕಡೆ ಮುಖ ತಿರುಗಿಸಿ ಒಂದು ಸಲ, ಈ ಕಡೆ ತಿರುಗಿಸಿ ಒಂದು ಸಲ. ಇಪ್ಪತ್ತು ನಿಮಿಷ! ನಲವತ್ತನಾಲ್ಕು ವಯಸ್ಸಿನ ಗಂಡಸು, ತಲೇಲಿ ಅಷ್ಟು ಕೂದಲೂ ಇಲ್ಲ, ಇಪ್ಪತ್ತು ನಿಮಿಷ ಏನು ನೋಡ್ಕೋತಾರೆ ಹೇಳಿ?"

ನಾನು ನನಗೆ ತಿಳಿಯದೆಂದೆ. ಅವರು ಅದನ್ನು ಮಹಡಿಗೆ ಹೋಗಿ ತಿಳಿಸಿಯೇ ಬಂದರು. ಹತ್ತು ನಿಮಿಷದಲ್ಲಿ ಹೊಲಿಗೆ ಮಿಷನ್ನು ನಿಂತಿತು. ಊಟದ ಹೊತ್ತಲ್ಲ. ನಾನು ಮೇಲೆ ಹೋದೆ.

ಗಾಬರಿಯ ಹಳೆಯ ಲಿಫ್ಟ್ ಸಮವಸ್ತ್ರದ ಕೋಟಿನ ಜೇಬಿನಿಂದ ಅವನ ಹೆಂಡತಿ ಕಾಗದದ ಪೊಟ್ಟಣವೊಂದನ್ನು ಹೊರಗೆ ತೆಗೆದಿದ್ದಳು. ಒಳಗೆ ಎರಡು ಹೊಸ ಕೈಗನ್ನಡಿಗಳು. ದುಂಡಗೆ, ಗುಲಾಬಿ ಬಣ್ಣದ ಹಿಡಿ, ಬೆನ್ನ ಮೇಲೆ ಹೂವಿನ ಚಿತ್ರ.

"ಒಂದು ನನಗೇ ತಂದಿರಬೇಕು ಅಂದ್ಕೊಂಡ್ರೂ, ಇನ್ನೊಂದು ಯಾರಿಗಣ್ಣ?" ಎಂದಳು. "ಅದೂ ಹೋಗ್ಲಿ. ಒಂದೂ ಕೊಡ್ಲಿಲ್ವಲ್ಲ!"

"ಎರಡು ಕನ್ನಡಿ" ಎಂದು ಮೀಟರಿನವರು ಗಂಭೀರವಾಗಿ ಓದಿದರು. "ಒಬ್ಬ ಮನುಷ್ಯನಿಗೆ ಒಂದೇ ಮುಖ. ಹಾಗಾಗಿ ಮುಖ ಎರಡು. ಬಂದರಿನಲ್ಲಿ."

"ಇಬ್ರು!" ಎಂದು ಅತ್ತೆ ಎದೆ ಹಿಡಿದುಕೊಂಡು ಮಂಚದ ಮೇಲೆ ಕೂತರು. ಆ ಕ್ಷಣಕ್ಕೆ ಅವರಿಗೆ ಸ್ವಲ್ಪ ಸಮಾಧಾನವೂ ಆದಂತೆ ಕಂಡಿತು. ಅಳಿಯ ಹೊರಟಿರುವುದು ತಮ್ಮ ಮಂಡಿಯ ದೆಸೆಯಿಂದಲ್ಲವಲ್ಲ.

ಮೀಟರಿನವರ ಸಲಹೆಯಂತೆ ಪೊಟ್ಟಣವನ್ನು ಇದ್ದ ಜೇಬಿಗೇ ಸೇರಿಸಿದರು. ಸಾಕ್ಷ್ಯ ಅಲುಗಿಸಬಾರದಂತೆ. ಗಾಬರಿಯನ್ನು ವಿಚಾರಿಸುವ ಹೊಣೆ ನನ್ನ ತಲೆಗೆ ಬಂತು. ವಯಸ್ಸಾದವರು, ದೈವಭಕ್ತರು, ಸರ್ಕಾರಿ ಕೆಲಸದಲ್ಲಿದ್ದವರು. ಇಂಥ ವಿಷಯ ಎತ್ತಬೇಕಾದರೆ ಇವೆಲ್ಲ ಇರಬೇಕಂತೆ.

ಗುರುವಾರ ಬೆಳಿಗ್ಗೆ ಆರಕ್ಕೆ, ಪ್ರಾರ್ಥನೆ ಮುಗಿಸಿ ನಾನು ಟೆರೇಸ್ ಹತ್ತಿದೆ. ಗಾಬರಿ ನನ್ನನ್ನು ಕಂಡವನೇ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡ.

"ಎಷ್ಟು ದಿನದಿಂದ ನಡೀತಿದೆ ಇದು?" ಎಂದೆ.

ಅವನ ಮುಖ ಬಿಳಿಚಿಕೊಂಡಿತು. "ನಿಮಗೆ ಗೊತ್ತಾಗೋಯ್ತಾ ಭಾವ?"

"ಇಡೀ ಬೀದಿಗೆ ಗೊತ್ತಾಗಿದೆ."

"ಅಯ್ಯೋ ದೇವ್ರೇ! ಪರೀಕ್ಷೆ ದಿನದಿಂದ ಭಾವ. ಅದಕ್ಕೆ ಮುಂಚೇನೂ ಸ್ವಲ್ಪ ಇತ್ತು. ಆದ್ರೆ ಯಾರೂ ನೋಡಿರಲಿಲ್ಲ."

"ಹೆಂಡತಿಯ ಮುಖ ನೆನಪಾಗಲಿಲ್ವೇನೋ ನಿನಗೆ?"

"ಅವಳ ಮುಖ ನೆನೆಸ್ಕೊಂಡೇ ಭಾವ ಇದೆಲ್ಲ. ಅವಳು ಎಲ್ಲರ ಹತ್ರಾನೂ ನಮ್ಮೋರು ನಮ್ಮೋರು ಅಂತ ಹೇಳ್ಕೊಂಡು ಬಂದಿದ್ದಾಳೆ. ಈಗ ಹೋಗಿ ಹೇಗೆ ಹೇಳಲಿ? ಅದಕ್ಕೇ ದೂರ ಹೋಗಿಬಿಟ್ರೆ ವಾಸಿ ಅಂತ."

ಇಷ್ಟು ನಿರ್ಲಜ್ಜೆಯ ಮಾತನ್ನು ನಾನು ಅವನಿಂದ ನಿರೀಕ್ಷಿಸಿರಲಿಲ್ಲ. "ಬಿಟ್ಟುಬಿಡೋಕೆ ಆಗಲ್ವಾ?" ಎಂದು ಗದರಿದೆ.

"ಬಿಡೋದೆಲ್ಲಿ ಬಂತು, ಕೈಗೇ ಹತ್ತುತ್ತಿಲ್ಲ. ದಿನಾ ಬೆಳಿಗ್ಗೆ ಇಲ್ಲೇ ಅಭ್ಯಾಸ ಮಾಡ್ತಿದ್ದೀನಿ."

ನಾನು ಟೆರೇಸಿನ ಸುತ್ತ ಕಣ್ಣಾಡಿಸಿದೆ. ಒಂದು ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ನಾಲ್ಕು ಹಗ್ಗ, ಕಾಲು ಮುರಿದ ಒಂದು ಕುರ್ಚಿ. ಪರಸ್ತ್ರೀ ಕುಳಿತುಕೊಳ್ಳುವ ಯಾವ ಅನುಕೂಲವೂ ಅಲ್ಲಿರಲಿಲ್ಲ.

"ಏನನ್ನೋ ಅಭ್ಯಾಸ ಮಾಡೋದು?"

"ಹಿಂದಕ್ಕೆ ಹೋಗೋದು ಭಾವ. ನನಗೆ ರಿವರ್ಸ್ ಬರಲ್ಲ."

ಅವನು ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದ. ಎರಡು ಕನ್ನಡಿಗಳನ್ನೂ ಕಿವಿಗಳ ಪಕ್ಕಕ್ಕೆ, ಲಾರಿಯ ಎರಡು ಕಡೆಯ ಕನ್ನಡಿಗಳ ಹಾಗೆ ಚಾಚಿ ಹಿಡಿದ. ಒಮ್ಮೆ ಎಡಕ್ಕೆ ನೋಡಿದ, ಒಮ್ಮೆ ಬಲಕ್ಕೆ ನೋಡಿದ, ಹಿಂದುಹಿಂದಾಗಿ ಆರು ಹೆಜ್ಜೆ ನಡೆದು ಹೋಗಿ ನೀರಿನ ಟ್ಯಾಂಕಿಗೆ ಡಿಕ್ಕಿ ಹೊಡೆದ.

"ನೋಡಿದ್ರಾ?" ಎಂದ, ಟ್ಯಾಂಕಿಗೆ ಒರಗಿಕೊಂಡೇ. "ಎಲ್ಲಿಂದ ಶುರು ಮಾಡಿದ್ರೂ ಇದಕ್ಕೇ ಬಂದು ಹೊಡೀತೀನಿ."

ಪರೀಕ್ಷೆಯ ದಿನ ನಡೆದದ್ದು ಆಗ ಹೊರಗೆ ಬಂತು. ಮುಂದಕ್ಕೆ ಓಡಿಸುವುದನ್ನೆಲ್ಲ ಅವನು ಚೆನ್ನಾಗಿ ಮಾಡಿದ. ಕೊನೆಗೆ ಎರಡು ಡ್ರಮ್ಮುಗಳ ನಡುವೆ ಲಾರಿಯನ್ನು ಹಿಂದಕ್ಕೆ ತರಬೇಕಾಗಿತ್ತು. ಅಷ್ಟರಲ್ಲಿ ಪರೀಕ್ಷೆ ಮಾಡುವ ಅಧಿಕಾರಿಗೆ ಮನೆಯಿಂದ ಊಟದ ಡಬ್ಬಿ ಬಂತು. ಅವರು ಮುಚ್ಚಳ ತೆಗೆದು ನೋಡಿ, ಸಾಕು ಇಳೀರಿ ಎಂದು ಸಹಿ ಹಾಕಿದರು. ನನ್ನ ಪ್ರಾರ್ಥನೆ ಫಲಿಸಿದ್ದು ಹೀಗೆ. ಒಮ್ಮೆ ಸಲ್ಲಿಸಿದ ಧನ್ಯವಾದವನ್ನು ವಾಪಸ್ಸು ಪಡೆಯುವ ಕ್ರಮ ನನಗೆ ಗೊತ್ತಿಲ್ಲ.

"ಲೋಕಲ್ ಅಂದ್ರೆ ಹನ್ನೆರಡು ಅಂಗಡಿ ಭಾವ. ಹನ್ನೆರಡೂ ಸಂದಿಯಲ್ಲಿವೆ. ದಿನಕ್ಕೆ ಹನ್ನೆರಡು ಸಲ ರಿವರ್ಸು! ಲಾಂಗ್ ಆದ್ರೆ ರಸ್ತೆ ನೇರ. ಹೋಗ್ತಾ ಇದ್ರೆ ಆಯ್ತು."

"ಇಷ್ಟೇನಾ? ಇದನ್ನ ಹೆಂಡತಿ ಹತ್ರ ಹೇಳೋಕೇನೋ ಕಷ್ಟ?"

ಅವನು ಕನ್ನಡಿಗಳನ್ನು ಅಂಗಿಯ ತುದಿಯಿಂದ ಒರೆಸಿದ. "ಲಿಫ್ಟ್‌ನಲ್ಲಿ ಹಿಂದೆ ಅಂದ್ರೆ ಗೋಡೆ. ಇಪ್ಪತ್ತೆರಡು ವರ್ಷ ಬೆನ್ನಿಗೆ ಗೋಡೆ ಇತ್ತು. ಮನೆಗೆ ಬಂದ್ರೆ ಅಕ್ಕ ಇದ್ಲು. ಈಗ ಕನ್ನಡೀಲಿ ಎಷ್ಟು ನೋಡಿದ್ರೂ ಹಿಂದೆ ಯಾರೂ ಕಾಣಲ್ಲ ಭಾವ."

ಯಾರಿಗೂ ಹೇಳಬೇಡಿ ಎಂದು ಅವನು ನನ್ನ ಕೈ ಹಿಡಿದುಕೊಂಡ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಡಬಾರದಾಗಿತ್ತು. ಆದರೆ ಅಕ್ಕನ ಹೆಸರು ಹೇಳಿ ಅವನು ಏನು ಕೇಳಿದರೂ ನಾನು ಕೊಟ್ಟುಬಿಡುತ್ತೇನೆ.

ಕೆಳಗೆ ಮೂರು ಜನ ಕಾದಿದ್ದರು.

"ಏನಂದ್ರು?" ಎಂದರು ಮೀಟರಿನವರು.

ಸುಳ್ಳು ಹೇಳುವುದು ನನ್ನ ನಿಷ್ಠೆಗೆ ವಿರುದ್ಧ. ನಿಜ ಹೇಳುವುದು ಕೊಟ್ಟ ಮಾತಿಗೆ ವಿರುದ್ಧ. ಆದ್ದರಿಂದ ಮೌನವಾಗಿದ್ದೆ. ಮೌನವಾಗಿದ್ದರೆ ಪಾಪ ತಗಲುವುದಿಲ್ಲ ಎಂದು ಬಹಳ ಕಾಲ ನಂಬಿದ್ದವನು ನಾನು.

"ಕನ್ನಡಿ ವಿಷಯ ಒಪ್ಕೊಂಡ್ರಾ?"

ಮೌನ.

"ಇಬ್ರೂ ನಿಜಾನಾ?"

ಮೌನ.

"ಮೂವರಾ!" ಎಂದರು ಅತ್ತೆ.

ಶುಕ್ರವಾರದ ಹೊತ್ತಿಗೆ ಸುದ್ದಿ ಬೀದಿಯ ತಿರುವು ದಾಟಿ ಹೋಗಿತ್ತು. ಬಂದರಿನಲ್ಲಿ ಮನೆಯೊಂದು ಎದ್ದು, ಅದಕ್ಕೆ ನೀಲಿ ಬಣ್ಣ ಬಳಿದದ್ದೂ ಆಗಿತ್ತು. ಇಸ್ತ್ರಿಯವನು ನನ್ನನ್ನು ಕಂಡು ಅನುಕಂಪದಿಂದ ತಲೆ ಆಡಿಸಿದ. ಯಾರ ಮೇಲೆ ಅನುಕಂಪ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಗಾಬರಿಗೆ ಮಾತ್ರ ಇದಾವುದೂ ತಿಳಿಯದು. ಎಲ್ಲರೂ ತನ್ನನ್ನು ನೋಡಿ ಮಾತು ನಿಲ್ಲಿಸುವುದನ್ನು ಕಂಡು, ರಿವರ್ಸ್ ಬರದವನಿಗೆ ಊರು ಇಷ್ಟು ಕಠಿಣವಾಗಿರುತ್ತದೆಯೇ ಎಂದುಕೊಂಡನಂತೆ.

ಸಂಜೆ ಅವನ ಹೆಂಡತಿ ನನಗೊಬ್ಬನಿಗೇ ಬಡಿಸಿ, ಎದುರಿಗೆ ಕೂತಳು. ಮಡಿಲಲ್ಲಿ ಯಾರದೋ ಅಂಗಿ, ಗುಂಡಿ ಹಚ್ಚುತ್ತಿದ್ದಳು.

"ಅಣ್ಣ, ಅವಳು ಯಾರು ಏನು ಅಂತ ನಾನು ಕೇಳಲ್ಲ. ಬೇರೆ ಒಂದು ಕೇಳ್ತೀನಿ. ನೀವೂ ಅಂಗಡಿಗಳ ತೂಕ ನೋಡೋಕೆ ಅಂತ ತಿಂಗಳಿಗೆ ಇಪ್ಪತ್ತು ದಿನ ಊರೂರು ತಿರುಗ್ತಿದ್ರಲ್ಲ. ಅತ್ತಿಗೆಗೆ ಹೇಗಿತ್ತು?"

ನಾನು ಕೈ ತೊಳೆದುಕೊಳ್ಳುವ ತನಕ ಯೋಚಿಸಿದೆ. ಬೇರೆಯವರ ತಕ್ಕಡಿಯಲ್ಲಿ ಒಂದು ಗ್ರಾಂ ತಪ್ಪಿದ್ದರೂ ಹಿಡಿಯುತ್ತಿದ್ದವನಿಗೆ ಈ ಪ್ರಶ್ನೆ ಆ ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ಬಾಗಿಲು ತೆಗೆದಾಗಲೆಲ್ಲ ನಗ್ತಿದ್ದಳಮ್ಮ" ಎಂದೆ. "ತೆಗೆಯೋ ಮುಂಚೆ ಹೇಗಿದ್ದಳೋ ನನಗೆ ಗೊತ್ತಿಲ್ಲ."

ಆಕೆ ದಾರವನ್ನು ಹಲ್ಲಿನಿಂದ ಕಡಿದಳು. "ನನಗೆ ಹಾಗೆ ನಗೋಕೆ ಬರಲ್ಲ ಅಣ್ಣ. ಅವರು ನಾಳೆ ಲಾಂಗ್‌ಗೆ ಸಹಿ ಹಾಕಿದ್ರೆ, ನಾನು ಅಮ್ಮನ ಜೊತೆ ಹೊರಟು ಹೋಗ್ತೀನಿ. ಮಿಷನ್ನು ಆಮೇಲೆ ಕಳಿಸಿಕೊಡಿ."

ಮೇಲಿನ ಮಹಡಿಯಲ್ಲಿ ಮಿಷನ್ನಿನ ಸದ್ದಿಲ್ಲದ ಮನೆಯನ್ನು ನಾನು ಊಹಿಸಿಕೊಂಡೆ. ಆದರೂ ಕೊಟ್ಟ ಮಾತು ಮುರಿಯಲಿಲ್ಲ.

ಶನಿವಾರ ಹತ್ತು ಗಂಟೆಗೆ ನಾನು ಗಾಬರಿಯ ಜೊತೆ ಕಂಪನಿಗೆ ಹೋದೆ. ದಾರಿಯುದ್ದಕ್ಕೂ ಹೇಳು ಹೇಳು ಎಂದು ಪೀಡಿಸಿದೆ. ಅವನು ಹೂಂ ಹೂಂ ಎನ್ನುತ್ತ ಅಲ್ಲಿಗೆ ತಲುಪಿಬಿಟ್ಟ. ಅದೊಂದು ದೊಡ್ಡ ಬಯಲು. ಒಂದು ಕಡೆ ಗೋದಾಮು, ಅದರ ಮುಂದೆ ಲಾರಿಯ ಎತ್ತರಕ್ಕೆ ಕಟ್ಟಿದ ಮಾಲು ಇಳಿಸುವ ಕಟ್ಟೆ, ಕಟ್ಟೆಯಲ್ಲಿ ಎರಡೆರಡು ಕಂಬಗಳ ನಡುವೆ ಒಂದೊಂದು ಲಾರಿ ನಿಲ್ಲುವ ಜಾಗ. ಮ್ಯಾನೇಜರು ಹೊರಗೆ ಮೇಜು ಹಾಕಿಸಿಕೊಂಡು ಕೂತಿದ್ದರು.

"ಯಾವುದಯ್ಯ? ಲೋಕಲ್ಲೋ, ಲಾಂಗೋ?"

"ಲಾಂಗ್ ಸಾರ್" ಎಂದು ಗಾಬರಿ ಪೆನ್ನು ತೆಗೆದುಕೊಂಡ.

"ಸಹಿ ಹಾಕ್ಬೇಡಿ!"

ಗೇಟಿನಲ್ಲಿ ಆಟೋ ನಿಂತಿತ್ತು. ಮುಂದೆ ಅವನ ಹೆಂಡತಿ, ಒಂದೊಂದು ಕೈಯಲ್ಲಿ ಒಂದೊಂದು ಕನ್ನಡಿ. ಹಿಂದೆ ಅತ್ತೆ, ಕುಂಟುತ್ತ. ಅವರ ಹಿಂದೆ ತಗಡಿನ ಪೆಟ್ಟಿಗೆ ಹೊತ್ತು ಮೀಟರಿನವರು. ಸಾಕ್ಷಿ ಹೇಳಲು ಬಂದವರಿಗೆ ಪೆಟ್ಟಿಗೆ ಹೊರುವ ಕೆಲಸ ಸಿಕ್ಕಿತ್ತು. ಅದನ್ನು ಕಟ್ಟೆಯ ಮುಂದೆ ಇಳಿಸಿ ಬೆವರು ಒರೆಸಿಕೊಂಡರು. ಡ್ರೈವರುಗಳು, ಹಮಾಲರು ಕೆಲಸ ಬಿಟ್ಟು ಸುತ್ತ ಸೇರಿದರು.

"ಇವು ಯಾರಿಗೆ?" ಎಂದು ಅವಳು ಕನ್ನಡಿಗಳನ್ನು ಮುಂದೆ ಹಿಡಿದಳು. "ಇಷ್ಟು ಜನರ ಮುಂದೆ ಹೇಳ್ಬಿಡಿ. ಯಾರು ಅವರಿಬ್ಬರು?"

"ಯಾವ ಇಬ್ಬರು?" ಎಂದ ಗಾಬರಿ.

"ಮೂವರು" ಎಂದು ಅತ್ತೆ ತಿದ್ದಿದರು.

ಗಾಬರಿ ನನ್ನ ಕಡೆ ನೋಡಿದ. ನಾನು ಆಕಾಶದ ಕಡೆ ನೋಡಿದೆ. ಅಲ್ಲಿಂದಲೂ ನೆರವು ಬರಲಿಲ್ಲ. ಆಗ ನನ್ನ ಹೆಂಡತಿ ಹೇಳಿದ್ದು ನೆನಪಾಯಿತು: ಅವನಾಗಿ ಬಾಯಿ ಬಿಡಲ್ಲ, ನೀವೇ ಕೇಳಬೇಕು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಕೇಳುವುದಿಲ್ಲ ಎಂದು ಕೊಟ್ಟಿರಲಿಲ್ಲ.

"ಗಾಬರಿ" ಎಂದೆ, "ಆ ಕನ್ನಡಿ ಎರಡನ್ನೂ ಹಿಡ್ಕೊಂಡು ನೀನು ಟೆರೇಸ್ ಮೇಲೆ ಏನು ಮಾಡ್ತೀಯಾ?"

ಅವನು ಹೆಂಡತಿಯ ಕೈಯಿಂದ ಕನ್ನಡಿಗಳನ್ನು ತೆಗೆದುಕೊಂಡು ಕಿವಿಗಳ ಪಕ್ಕಕ್ಕೆ ಹಿಡಿದು, ಅಷ್ಟು ಜನರ ಮುಂದೆ ಹಿಂದುಹಿಂದಾಗಿ ನಡೆದು, ಮ್ಯಾನೇಜರ ಮೇಜಿಗೆ ಡಿಕ್ಕಿ ಹೊಡೆದ.

"ನನಗೆ ರಿವರ್ಸ್ ಬರಲ್ಲ ಕಣೇ" ಎಂದ. "ಲಾಂಗ್‌ನಲ್ಲಿ ರಿವರ್ಸ್ ಇಲ್ಲ. ಅದಕ್ಕೇ."

ಮ್ಯಾನೇಜರು ಚೆಲ್ಲಿದ ಚಹಾದಿಂದ ಕಾಗದಗಳನ್ನು ಪಕ್ಕಕ್ಕೆ ಸರಿಸಿದರು.

"ಲಾಂಗ್‌ನಲ್ಲಿ ರಿವರ್ಸ್ ಇಲ್ಲ ಅಂತ ನಿನಗೆ ಯಾರಯ್ಯ ಹೇಳಿದ್ದು?"

"ರಸ್ತೆ ನೇರ ಇದೆಯಲ್ಲ ಸಾರ್."

"ರಸ್ತೆ ನೇರವಾಗಿ ಸಮುದ್ರದ ಒಳಗೆ ಹೋಗುತ್ತೇನಯ್ಯ? ಬಂದರಲ್ಲಿ ಟ್ರೈಲರನ್ನ ಹಿಂದಕ್ಕೆ ತಂದು ಕಟ್ಟೆಗೆ ಹಚ್ಚಬೇಕು. ನೀನು ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದ್ರೆ ಟ್ರೈಲರು ಎಡಕ್ಕೆ ಹೋಗುತ್ತೆ. ಹತ್ತು ವರ್ಷದ ಡ್ರೈವರುಗಳೇ ಅಲ್ಲಿ ಅಳ್ತಾರೆ!"

ಡ್ರೈವರುಗಳೆಲ್ಲ ಹೌದೆಂದು ತಲೆ ಆಡಿಸಿದರು. ಒಬ್ಬ ತಾನು ಅತ್ತದ್ದು ಎಷ್ಟು ಸಲ ಎಂದೂ ಹೇಳಿದ. ಗಾಬರಿ ನೆಲದ ಮೇಲೆ ಕೂತುಬಿಟ್ಟ. ಅವನ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಸಿಟ್ಟಿಗಿಂತ ದೊಡ್ಡದೊಂದು ಅವಳ ಮುಖದಲ್ಲಿತ್ತು. ನಗುವೋ ಅಳುವೋ ಅದಿನ್ನೂ ಗೊತ್ತುಮಾಡಿಕೊಂಡಿರಲಿಲ್ಲ.

"ಏಳ್ರೀ" ಎಂದಳು. "ಸಾರ್, ಒಂದು ಸಲ ಲಾರಿ ಕೊಡಿ ಅವರಿಗೆ."

ಮ್ಯಾನೇಜರು ಒಳ್ಳೆಯವರು, ಅಥವಾ ಆ ದಿನ ಅವರಿಗೆ ಬೇರೆ ಮನರಂಜನೆ ಇರಲಿಲ್ಲ. "ಮೂರು ಸಲ ನೋಡ್ತೀನಿ. ಕಂಪನಿಯ ಗೋಡೆ, ಕಂಬ, ಯಾವುದಕ್ಕೂ ತಾಗಿಸದೆ ಕಟ್ಟೆಗೆ ಹಚ್ಚಿದ್ರೆ ಲೋಕಲ್ ಕೆಲಸ ಕೊಡ್ತೀನಿ. ಆಗದಿದ್ರೆ ಮನೆಗೆ ಹೋಗು" ಎಂದರು.

ಮೊದಲ ಸಲ ಎಲ್ಲರೂ ಮಾರ್ಗದರ್ಶನ ಮಾಡಿದರು. "ಎಡಕ್ಕೆ ಎಡಕ್ಕೆ!" ಎಂದರು ಡ್ರೈವರುಗಳು. "ನಮ್ಮ ಎಡಾನಾ, ಅವರ ಎಡಾನಾ?" ಎಂದು ಮೀಟರಿನವರು ವಾದಕ್ಕೆ ನಿಂತರು. "ನಿಧಾನ ಅಳಿಯಂದಿರೇ!" ಎಂದು ಅತ್ತೆ ಕೂಗಿದರು. ಲಾರಿ ಎಲ್ಲರ ಮಾತನ್ನೂ ಸ್ವಲ್ಪ ಸ್ವಲ್ಪ ಕೇಳಿತು. ಸೊಟ್ಟಗೆ ಬಂದು, ಟಪ್ ಎಂದು ಏನನ್ನೋ ಹತ್ತಿ ಇಳಿದು ನಿಂತಿತು. ಅತ್ತೆಯ ಪೆಟ್ಟಿಗೆ ಚಪಾತಿಯಷ್ಟು ತೆಳ್ಳಗಾಗಿತ್ತು.

ಎಲ್ಲರೂ ಮ್ಯಾನೇಜರ ಮುಖ ನೋಡಿದರು.

"ಪೆಟ್ಟಿಗೆ ಕಂಪನಿ ಆಸ್ತಿ ಅಲ್ಲ" ಎಂದರು ಅವರು. "ಎರಡನೇ ಸಲ."

ಎರಡನೆಯ ಸಲ ಲಾರಿ ಕಂಬಕ್ಕೆ ನಾಲ್ಕು ಬೆರಳು ದೂರದಲ್ಲಿ ಅಡ್ಡಡ್ಡ ನಿಂತುಬಿಟ್ಟಿತು. ಗಾಬರಿ ಅದನ್ನು ಮತ್ತೆ ಮುಂದಕ್ಕೆ ಒಯ್ದ. ಕಿಟಕಿಯಲ್ಲಿ ಅವನ ಮುಖ ಕಾಣುತ್ತಿತ್ತು. ನಾಲ್ಕು ಮಹಡಿಯ ಲಿಫ್ಟಿನಲ್ಲಿ ಕರೆಂಟು ಹೋದವನ ಮುಖ.

ನಾನು ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ಹೋಗಿ ನಿಂತೆ. ಎಡಗಡೆಯ ಕಂಬದ ಪಕ್ಕ, ಅವನ ಕನ್ನಡಿಗೆ ನೇರವಾಗಿ. ಎಲ್ಲರಿಗೂ ಸುಮ್ಮನಿರಿ ಎಂದು ಕೈ ಮಾಡಿದೆ. ಹೇಗೆ ನಿರ್ದೇಶನ ಕೊಡಬೇಕೆಂದು ನನಗೇನು ಗೊತ್ತು? ಸ್ಟಿಯರಿಂಗನ್ನು ಮುಟ್ಟಿದವನೇ ಅಲ್ಲ ನಾನು. ಬಾಯಿ ತೆರೆದೆ. ನನಗಿಂತ ಮುಂಚೆಯೇ ಮಾತು ಅಲ್ಲಿ ಬಂದು ನಿಂತಿತ್ತು.

"ಬಾ, ನಾನಿದ್ದೀನಿ ಬಾ."

ಆ ಎಂಜಿನ್ ಸದ್ದಿನಲ್ಲಿ ಮುದುಕನ ದನಿ ಅ‌ವನಿಗೆ ಕೇಳಿಸಿತೋ, ಬರೀ ತುಟಿ ಕಂಡಿತೋ ತಿಳಿಯದು. ಕನ್ನಡಿಯಲ್ಲಿ ಅವನ ಕಣ್ಣುಗಳು ನನ್ನ ಮೇಲೆ ನೆಟ್ಟವು. ಲಾರಿ ಹೊರಟಿತು. ಕೈ ಆಡಿಸುತ್ತ, ಬಾ, ಬಾ ಎನ್ನುತ್ತ ನಿಂತೆ. ಅದು ಸಂಜೆಯ ಹಿತ್ತಲಿನಲ್ಲಿ ಹಿಂದುಹಿಂದಾಗಿ ಹೆಜ್ಜೆ ಇಡುವ ಐದು ವರ್ಷದ ಹುಡುಗನ ಹಾಗೆ, ಒಂದೇ ಅಳತೆಯಲ್ಲಿ ಬಂತು. ಎರಡು ಕಂಬಗಳ ನಡುವೆ ಬಂತು. ಕಟ್ಟೆಯ ರಬ್ಬರಿಗೆ ಮೆತ್ತಗೆ ತಾಗಿ ನಿಂತಿತು.

ಹಮಾಲರು ಶಿಳ್ಳೆ ಹೊಡೆದರು. ಮ್ಯಾನೇಜರು ಲೋಕಲ್ಲಿನ ಕಾಗದವನ್ನು ಮುಂದೆ ತಳ್ಳಿದರು. ಅವನ ಹೆಂಡತಿ ಲಾರಿಯ ಬಾಗಿಲಿಗೆ ಹೋಗಿ, ಇಳಿಯುತ್ತಿದ್ದವನ ತೋಳಿಗೆ ಒಂದು ಏಟು ಕೊಟ್ಟಳು. "ಬರಲ್ಲ ಅಂದ್ರೆ ಬರಲ್ಲ ಅನ್ನೋಕೆ ಏನ್ರೀ ಧಾಡಿ ನಿಮಗೆ?" ಎಂದು ಬೈದು, ಅದೇ ತೋಳು ಹಿಡಿದುಕೊಂಡು ಅತ್ತಳು.

ಕನ್ನಡಿಗಳಲ್ಲಿ ಒಂದನ್ನು ಅವಳು ಇಟ್ಟುಕೊಂಡಳು, ಇನ್ನೊಂದನ್ನು ತಾಯಿಗೆ ಕೊಟ್ಟಳು. ಹಾಗಾಗಿ ಇಬ್ಬರು ಹೆಂಗಸರು ಎಂಬ ಅತ್ತೆಯ ಮೊದಲ ಊಹೆ ಕೊನೆಗೂ ನಿಜವಾಯಿತು. ಬಟ್ಟೆ ತುಂಬಲು ಪೆಟ್ಟಿಗೆ ಇಲ್ಲದ್ದರಿಂದ ಅವರು ಇನ್ನೂ ಇಲ್ಲಿಯೇ ಇದ್ದಾರೆ. ಕನ್ನಡಿಗಳು ಲಾರಿಗೇ ಸಂಬಂಧಪಟ್ಟವೆಂದು ತಮಗೆ ಮೊದಲ ದಿನವೇ ಹೊಳೆದಿತ್ತೆಂದು ಮೀಟರಿನವರು ಹೇಳುತ್ತಾರೆ.

ಮೊದಲ ಒಂದೆರಡು ವಾರ ನಾನು ಜೊತೆಗೆ ಹೋಗಲಿ ಎಂದು ಗಾಬರಿ ಮ್ಯಾನೇಜರನ್ನು ಕೇಳಿಕೊಂಡ. ಅದು ಈಗ ಐದು ತಿಂಗಳಾಗಿದೆ. ಬೆಳಿಗ್ಗೆ ಏಳಕ್ಕೆ ಅವನು ಕೆಳಗೆ ಬಂದು ಬಾಗಿಲು ತಟ್ಟುತ್ತಾನೆ. "ಭಾವ, ನೀವಿಲ್ದಿದ್ರೆ ನನಗೆ ರಿವರ್ಸ್ ಬರಲ್ಲ. ಬನ್ನಿ." ನಾನು ಪ್ರಾರ್ಥನೆ ಮುಗಿಸಿ ಹೊರಡುತ್ತೇನೆ. ಹನ್ನೆರಡು ಅಂಗಡಿ, ಹನ್ನೆರಡು ಸಂದಿ. ಅಂಗಡಿಯವರು ನನಗೊಂದು ಸ್ಟೂಲು ಹಾಕುತ್ತಾರೆ. ಇವರಲ್ಲಿ ಮೂವರ ಅಪ್ಪಂದಿರ ತಕ್ಕಡಿಯನ್ನು ನಾನು ಒಂದು ಕಾಲದಲ್ಲಿ ಜಪ್ತಿ ಮಾಡಿದ್ದೆ. ಆ ಮಾತನ್ನು ಯಾರೂ ಎತ್ತುವುದಿಲ್ಲ.

ಹೋದ ಬುಧವಾರ ಒಂಬತ್ತನೆಯ ಅಂಗಡಿಯ ಸಂದಿಯ ಬಾಯಲ್ಲಿ, ನೀರು ಕುಡಿದು ಬರುತ್ತೇನೆಂದು ನಾನು ಇಳಿದು ಹೋದೆ. ವಾಪಸ್ಸು ಬರುವಾಗ ತಿರುವಿನಲ್ಲಿ ನಿಂತು ನೋಡಿದೆ. ಲಾರಿ ಆಗಲೇ ಹಿಂದಕ್ಕೆ ಹೋಗಿ ಅಂಗಡಿಯ ಬಾಗಿಲಿಗೆ ನೇರವಾಗಿ, ಎರಡು ಗೋಡೆಗೂ ಸಮವಾಗಿ ನಿಂತಿತ್ತು. ಟೇಪು ಹಿಡಿದರೂ ಒಂದು ಅಂಗುಲ ವ್ಯತ್ಯಾಸ ಸಿಕ್ಕುತ್ತಿರಲಿಲ್ಲ. ಅಷ್ಟರಲ್ಲಿ ಗಾಬರಿ ನನ್ನನ್ನು ಕಂಡ. ಕಂಡವನೇ ಗಡಿಬಿಡಿಯಿಂದ ಲಾರಿಯನ್ನು ಮತ್ತೆ ಮುಂದಕ್ಕೆ ತಂದು, ಸಂದಿಯ ಬಾಯಲ್ಲಿ ಸೊಟ್ಟಗೆ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಎಲ್ಲಿ ಹೋದ್ರಿ ಭಾವ? ಎಷ್ಟು ಹೊತ್ತಿಂದ ಕಾಯ್ತಿದ್ದೀನಿ. ಬನ್ನಿ, ಹಿಂದೆ ನಿಂತ್ಕೊಳ್ಳಿ."

ಮೂವತ್ತೆರಡು ವರ್ಷ ಒಂದು ಸುಳ್ಳು ತೂಕವನ್ನೂ ಬಿಟ್ಟವನಲ್ಲ ನಾನು. ಲಾರಿಯ ಪಕ್ಕದಿಂದ ಒತ್ತಿಕೊಂಡು ದಾಟಿ, ಸಂದಿಯ ಕೊನೆಗೆ ಹೋಗಿ ನಿಂತು, ಕೈ ಎತ್ತಿದೆ.

"ಬಾ" ಎಂದೆ.